ಪಿ.ಟಿ. ಟೀಚರ್ ಹತ್ರ ಕೇಳಿ: ಕಪ್ ಯಾರಿಗೆ, ಶಾಲು ಯಾರಿಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಹುಮಾನದ ವಿಷಯವೇ. ಡಿಸೆಂಬರ್ ಬಂತಲ್ಲ, ಎಲ್ಲ ಶಾಲೆಯಲ್ಲೂ ವಾರ್ಷಿಕೋತ್ಸವದ ಗಡಿಬಿಡಿ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಸೀಟಿ ಊದಿದವಳು ನಾನು. ಕಪ್ ಕೊಡಿಸಿದ್ದೂ ಇದೆ, ಕೊಡಿಸುವಾಗ ಎಡವಿದ್ದೂ ಇದೆ.

ಪ್ರಶ್ನೆ: ನಮ್ಮ ಹೈಸ್ಕೂಲಿನ ಅಥ್ಲೆಟಿಕ್ಸ್ ತಂಡಕ್ಕೆ ಪ್ರತಿ ವರ್ಷ ಪ್ರಶಸ್ತಿ ಇಡಲು ಹಳೇ ಬ್ಯಾಚಿನವರೆಲ್ಲ ಸೇರಿ ದುಡ್ಡು ಕೂಡಿಸಿದ್ದೇವೆ. ಜಾಸ್ತಿ ಪಾಯಿಂಟ್ ತೆಗೆದ ಒಬ್ಬ ಹುಡುಗ, ಒಬ್ಬಳು ಹುಡುಗಿಗೆ ದೊಡ್ಡ ಕಪ್ ಕೊಟ್ಟರೆ ಸಾಕಲ್ವಾ?
— ಹಳೇ ವಿದ್ಯಾರ್ಥಿ, ಬೇಲೂರು ತಾಲ್ಲೂಕು

ಸಾಲದು. ಯಾಕೆ ಅಂತ ಹೇಳುತ್ತೇನೆ, ಇದರಲ್ಲಿ ನನ್ನದೇ ತಪ್ಪಿನ ಕಥೆಯೂ ಇದೆ.

ನಾವು ಲೆಕ್ಕ ಹಾಕುತ್ತಿದ್ದದ್ದು ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಒಬ್ಬರಿಗೆ ಮೂರು ಸ್ಪರ್ಧೆ, ಮೇಲೊಂದು ರಿಲೇ. ನೋಡಲು ನ್ಯಾಯವಾಗಿಯೇ ಇದೆ. ಆದರೆ 100 ಮೀಟರ್ ಓಡುವ ಮಗುವೇ 200 ಕೂಡ ಓಡುತ್ತದೆ, ಉದ್ದ ಜಿಗಿತಕ್ಕೂ ಅದೇ ವೇಗ ಸಾಕು. ಅಲ್ಲಿಗೆ 15 ಪಾಯಿಂಟ್ ಆಯಿತು. 3000 ಮೀಟರ್ ಓಡಿದ ಮಗುವಿಗೆ ಅದೇ ದಿನ 1500ಕ್ಕೆ ಕಾಲು ಏಳುವುದಿಲ್ಲ. ಅದರ ಪಾಲಿಗೆ 5. ಹಾಗಾಗಿ ವೈಯಕ್ತಿಕ ವೀರಾಗ್ರಣಿ ಅನ್ನುವ ಕಪ್ ವರ್ಷಾ ವರ್ಷ ಸ್ಪ್ರಿಂಟ್ ಓಡುವವರ ಮನೆಗೇ ಹೋಗುತ್ತದೆ.

ಸಕಲೇಶಪುರದ ಕಡೆ ಒಂದು ಶಾಲೆಯಲ್ಲಿದ್ದಾಗ ಕಾಫಿ ತೋಟದ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿ ಇದ್ದಳು. ನಮ್ಮದು 200 ಮೀಟರಿನ ಮಣ್ಣಿನ ಟ್ರ್ಯಾಕ್, 3000 ಅಂದರೆ ಹದಿನೈದು ಸುತ್ತು. ಅವತ್ತು ಜಡಿಮಳೆ. ಸುಣ್ಣದ ಗೆರೆ ಕರಗಿ ಹಾಲಿನ ಹಾಗೆ ಹರಿಯುತ್ತಿತ್ತು. ಸುತ್ತು ಎಣಿಸುತ್ತಿದ್ದವಳು ನಾನು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಳೆ, ಎಣಿಕೆ ತಪ್ಪಿಹೋಯಿತು. ಆ ಹುಡುಗಿ ಬರಿಗಾಲಲ್ಲಿ ಹದಿನಾರು ಸುತ್ತು ಓಡಿದಳು. ಆಮೇಲೂ ಅವಳೇ ಮೊದಲು. ವಾರ್ಷಿಕೋತ್ಸವದ ದಿನ ಕಪ್ ಹೋಗಿದ್ದು 15 ಪಾಯಿಂಟಿನವಳಿಗೆ. ಇವಳು ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ನೋಡಿದರೆ ಎಂದಿನಂತೆ ಮೈದಾನದಲ್ಲಿದ್ದಾಳೆ! ‘ಮಿಸ್, ಸುಣ್ಣ ಎಲ್ಲಿಟ್ಟಿದ್ದೀರಾ?’ ಅಂದಳು. ನನಗೆ ಮಾತೇ ಹೊರಡಲಿಲ್ಲ.

ಮುಂದಿನ ವರ್ಷದಿಂದ ಓಟಕ್ಕೆ, ದೂರದ ಓಟಕ್ಕೆ, ಜಿಗಿತಕ್ಕೆ, ಎಸೆತಕ್ಕೆ ಬೇರೆ ಬೇರೆ ಬಹುಮಾನ ಇಟ್ಟೆವು. ಕಪ್ ಚಿಕ್ಕದಾಯಿತು, ಅಷ್ಟೇ. ನೀವೂ ಹಾಗೇ ಮಾಡಿ. ಗುಂಡು ಎಸೆಯುವ ಮಗುವನ್ನಂತೂ ಮರೀಬೇಡಿ. ಅವರ ಸ್ಪರ್ಧೆ ನಡೆಯುವುದೇ ಮೈದಾನದ ಮೂಲೆಯಲ್ಲಿ, ಜನ ಯಾರೂ ಆ ಕಡೆ ತಿರುಗುವುದಿಲ್ಲ.

ಇನ್ನೊಂದು ಮಾತು. ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಪ್ ಎರಡು ಮಳೆಗಾಲ ಬಾಳಿದರೆ ಹೆಚ್ಚು. ನನ್ನ ಹಳೇ ಶಿಷ್ಯೆಯರ ಮನೆಗೆ ಹೋದರೆ ಈಗಲೂ ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತದೆ, ಲೋಟದ ಮೇಲೆ ‘400 ಮೀ. ಪ್ರಥಮ’ ಅಂತ ಚುಕ್ಕೆ ಚುಕ್ಕೆಯಾಗಿ ಕೊರೆದಿರುತ್ತದೆ.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಮೂರು ವರ್ಷ ಒಂದು ದಿನವೂ ಬಿಡದೆ ಪ್ರಾಕ್ಟೀಸ್‌ಗೆ ಹೋದೆ. ಒಮ್ಮೆಯೂ ಮೊದಲ ಮೂರರಲ್ಲಿ ಬರಲಿಲ್ಲ. ನನ್ನಂಥವರಿಗೆ ಬಹುಮಾನವೇ ಇಲ್ವಾ?
— ಚಿಕ್ಕಮಗಳೂರು

ಇರಬೇಕು ಪುಟ್ಟಾ. ‘ಹೆಚ್ಚು ಸುಧಾರಿಸಿದ ಕ್ರೀಡಾಪಟು’ ಅಂತ ಒಂದು ಬಹುಮಾನ ಇಡಿ ಅಂತ ನಿಮ್ಮ ಪಿ.ಟಿ. ಮೇಷ್ಟ್ರಿಗೆ ಈ ಪುಟ ತೋರಿಸು. ಅವರಿಗೆ ನನ್ನದೊಂದು ಸೂಚನೆ: ಇದನ್ನು ಅಂದಾಜಿನಲ್ಲಿ ಕೊಡಬೇಡಿ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಸಮಯ ಬರೆದಿಡಿ. ಅದೇ ಮೈದಾನ, ಅದೇ ಸ್ಟಾಪ್‌ವಾಚ್, ಒತ್ತುವ ಕೈಯೂ ಅದೇ. 800 ಮೀಟರನ್ನು 3 ನಿಮಿಷ 10 ಸೆಕೆಂಡಿನಲ್ಲಿ ಓಡುತ್ತಿದ್ದ ಮಗು 2 ನಿಮಿಷ 48ಕ್ಕೆ ಬಂದರೆ 22 ಸೆಕೆಂಡ್ ಇಳಿಕೆ. 100 ಮೀಟರಿನಲ್ಲಿ 14.2ರಿಂದ 13.5 ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಆದರೆ ಅದೂ ಸಣ್ಣದಲ್ಲ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಂಟನೇ ಕ್ಲಾಸಿನ ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಗೇಣುದ್ದ ಬೆಳೆದು ಸುಮ್ನೆ ವೇಗ ಹೆಚ್ಚಿಸಿಕೊಂಡಿರುತ್ತಾರೆ, ಅದನ್ನೂ ಗಮನಿಸಿ. ಹಾಗಾಗಿ ನಾನು ಹಾಜರಾತಿ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡೇ ನಿರ್ಧಾರ ಮಾಡುತ್ತಿದ್ದೆ. ನಿನ್ನ ಹೆಸರು ಅಲ್ಲಿ ಸಿಕ್ಕೇ ಸಿಗುತ್ತಿತ್ತು.

ಪ್ರಶ್ನೆ: ಅಮೆರಿಕದಲ್ಲಿರುವ ಮೊಮ್ಮಗಳಿಗೆ ಓಟದಲ್ಲಿ ಬಹುಮಾನ ಬಂತಂತೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದು ಬಟ್ಟೆಯ ಒಂದು ಅಕ್ಷರ! ಇದೆಂಥ ಬಹುಮಾನ?
— ಅಜ್ಜಿ, ಹಾಸನ

ಖುಷಿಪಡಿ ಅಜ್ಜಿ, ಅದು ಸಣ್ಣ ವಿಷಯವಲ್ಲ. ಅಲ್ಲಿನ ಹೈಸ್ಕೂಲುಗಳಲ್ಲಿ ಮುಖ್ಯ ತಂಡಕ್ಕೆ ಆಡಿ ಶಾಲೆ ಇಟ್ಟ ಮಟ್ಟ ಮುಟ್ಟಿದವರಿಗೆ ಶಾಲೆಯ ಹೆಸರಿನ ಮೊದಲಕ್ಷರ ಕೊಡುತ್ತಾರೆ. ಮಕ್ಕಳು ಅದನ್ನು ಜಾಕೆಟ್ ಮೇಲೆ ಹೊಲಿಸಿಕೊಂಡು ಹೆಮ್ಮೆಯಿಂದ ಓಡಾಡುತ್ತಾರೆ. ಸೀಸನ್ ಮುಗಿದ ಮೇಲೆ ಮಕ್ಕಳು, ಅಪ್ಪ ಅಮ್ಮ, ಕೋಚ್ ಎಲ್ಲ ಒಟ್ಟಿಗೆ ಊಟಕ್ಕೆ ಕೂರುವುದೂ ಉಂಟು. ಅಲ್ಲಿ ಕೋಚ್ ಎದ್ದು ನಿಂತು ಯಾರಿಗೆ ಯಾಕೆ ಬಹುಮಾನ ಅಂತ ನಾಲ್ಕು ಮಾತು ಹೇಳುತ್ತಾರೆ. ನಮ್ಮಲ್ಲಿ ಮೈಕಿನಲ್ಲಿ ಹೆಸರು ಓಡುತ್ತದೆ, ಅದೂ ಅರ್ಧ ತಪ್ಪು. ಈ ‘ಯಾಕೆ’ಯನ್ನು ನಾವು ಕಡ ತರಬಹುದು, ದುಡ್ಡೇನೂ ಬೀಳುವುದಿಲ್ಲ.

ಪ್ರಶ್ನೆ: ಕಪ್ ಬದಲು ನಗದು ಕೊಟ್ಟರೆ?
— ಅರಸೀಕೆರೆ

ಬೇಡ. ಶೂ ಕೊಡಿಸಿ. ಅಳತೆ ಕೇಳಿಕೊಂಡು.

ಪ್ರಶ್ನೆ: ನಮ್ಮ ಊರಿನ ಶಾಲೆಯ ಪಿ.ಟಿ. ಮೇಷ್ಟ್ರು ಮಾರ್ಚ್‌ನಲ್ಲಿ ರಿಟೈರ್ ಆಗುತ್ತಾರೆ. ಅವರನ್ನು ಹೇಗೆ ಗೌರವಿಸಬೇಕು?
— ಪೋಷಕರು, ಮೂಡಿಗೆರೆ

ಮೊದಲು, ಅವತ್ತು ಅವರ ಕೈಲಿ ಕುರ್ಚಿ ಜೋಡಿಸಬೇಡಿ. ನಗಬೇಡಿ, ನಮ್ಮ ಪಾಡು ಅದೇ. ಅತಿಥಿಗಳಿಗೆ ಮೈಸೂರು ಪೇಟ, ಹಾರ. ನಾವು ವೇದಿಕೆಯ ಹಿಂದೆ ಸರ್ಟಿಫಿಕೇಟ್ ಜೋಡಿಸುತ್ತಿರುತ್ತೇವೆ.

ಸರ್ಕಾರಕ್ಕೂ ಇದು ಹೊಳೆದಿದ್ದು ತಡವಾಗಿಯೇ. ಆಟಗಾರರಿಗೆ ಅರ್ಜುನ ಪ್ರಶಸ್ತಿ ಶುರುವಾಗಿದ್ದು 1961ರಲ್ಲಿ. ಕೋಚ್‌ಗಳ ದ್ರೋಣಾಚಾರ್ಯ ಪ್ರಶಸ್ತಿ ಬರಲು 1985 ಆಗಬೇಕಾಯಿತು. ಆ ಮೊದಲ ವರ್ಷ ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಓ.ಎಂ. ನಂಬಿಯಾರ್ ಒಬ್ಬರು. ಅದರ ಹಿಂದಿನ ವರ್ಷವಷ್ಟೇ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡಿದ್ದರು.

ನಿಮ್ಮ ಜಿಲ್ಲೆಯದೇ ಉದಾಹರಣೆ ಬೇಕಾ? ರಕ್ಷಿತಾ ರಾಜು ಇದ್ದಾರಲ್ಲ. ಕಣ್ಣು ಕಾಣದ ಈ ಓಟಗಾರ್ತಿ ಏಷ್ಯನ್ ಪ್ಯಾರಾ ಗೇಮ್ಸ್‌ನ 1500 ಮೀಟರಿನಲ್ಲಿ 2018ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದರು, 2023ರಲ್ಲಿ ಹಾಂಗ್‌ಝೌನಲ್ಲೂ ಗೆದ್ದರು. ಇಂಥ ಓಟದಲ್ಲಿ ಪಕ್ಕದಲ್ಲೇ ಗೈಡ್ ಓಡುತ್ತಾರೆ. ಇಬ್ಬರ ಕೈಗೂ ಒಂದು ಚಿಕ್ಕ ದಾರದ ನಂಟು. ಹಾಂಗ್‌ಝೌನಲ್ಲಿ ಆ ದಾರದ ಇನ್ನೊಂದು ತುದಿ ರಾಹುಲ್ ಬಾಲಕೃಷ್ಣ ಅವರ ಕೈಯಲ್ಲಿತ್ತು. ಗೆದ್ದಾಗ ಗೈಡ್ ಕೂಡ ಪೋಡಿಯಂ ಹತ್ತುತ್ತಾರೆ, ಅವರ ಕೊರಳಿಗೂ ಪದಕ. ಇದು ನನಗೆ ಬಹಳ ಇಷ್ಟ.

ಹಾಗಾಗಿ ನಿಮ್ಮ ಮೇಷ್ಟ್ರ ಹಳೇ ಓಟಗಾರರನ್ನೆಲ್ಲ ಕರೆಸಿ. ಒಬ್ಬರು ಬಸ್ ಡ್ರೈವರ್ ಆಗಿರಬಹುದು, ಇನ್ನೊಬ್ಬರು ನರ್ಸ್. ಒಬ್ಬೊಬ್ಬರೂ ಅವರ ಬಗ್ಗೆ ಒಂದೊಂದು ನೆನಪು ಹೇಳಲಿ, ಎಂಎಲ್‌ಎ ಭಾಷಣ ಆಮೇಲೆ ಆಗಲಿ. ಶಾಲು ಹೊದಿಸಬೇಕು ಅಂತಿದ್ದರೆ ಹೊದಿಸಿ. ನನ್ನ ಬೀರುವಿನಲ್ಲಿ ಇಪ್ಪತ್ತೆರಡಿವೆ, ಬೇಕಾದರೆ ಕಳಿಸುತ್ತೇನೆ. ಆ ದುಡ್ಡಿಗೆ ಶಾಲೆಗೆ ಅವರ ಹೆಸರಿನಲ್ಲಿ ಒಂದು ಒಳ್ಳೆ ಅಳತೆ ಟೇಪ್ ತಂದರೆ ಅವರಿಗೆ ಇನ್ನೂ ಸಂತೋಷವಾಗುತ್ತದೆ. 50 ಮೀಟರಿನದ್ದು ತನ್ನಿ. 30ರದ್ದು ಜಾವೆಲಿನ್‌ಗೆ ಸಾಲೋದಿಲ್ಲ.