ಓದುಗರ ಪ್ರಶ್ನೆ: ಐರ್ಲೆಂಡಿನ ವೈನ್, ನಮ್ಮ ತೋಟದ ಮೈಲುತುತ್ತ

ಹಿಂದಿನ ಸಂಚಿಕೆಯಲ್ಲಿ ನಂದಿ ಬೆಟ್ಟದ ಸುತ್ತಿನ ವೈನ್ ದ್ರಾಕ್ಷಿ ಬಗ್ಗೆ ಬರೆಯುವಾಗ, ವೈನ್ ಕಸುಬಿಗೆ ಐರ್ಲೆಂಡಿನವರ ಕೊಡುಗೆ ದೊಡ್ಡದು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿನ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಸಾರ್, ಐರ್ಲೆಂಡ್ ಅಂದ್ರೆ ಬರೀ ಮಳೆ, ಚಳಿ. ವಿಸ್ಕಿ ಅಂದ್ರೆ ಒಪ್ಪಬಹುದು. ಅಲ್ಲಿ ದ್ರಾಕ್ಷಿ ಆಗುತ್ತಾ?
– ದ್ರಾಕ್ಷಿ ಬೆಳೆಗಾರರು, ಚಿಕ್ಕಬಳ್ಳಾಪುರ

ಆಗುತ್ತೆ, ಆದರೆ ತೀರಾ ಕಡಿಮೆ. ನಮ್ಮ ಚಿಕ್ಕಬಳ್ಳಾಪುರ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಡಬ್ಲಿನ್ ಇರೋದು 53ರಲ್ಲಿ. ಅಲ್ಲಿ ಜುಲೈ ತಿಂಗಳ ಹಗಲಲ್ಲೂ ಬಿಸಿಲು 20 ಡಿಗ್ರಿ ಆಸುಪಾಸು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಬಳ್ಳಿ ಸವರಿ ಪ್ರೂನಿಂಗ್ ಮಾಡ್ತೀವಿ, ಬೆಂಗಳೂರು ನೀಲಿ ತಳಿಯಲ್ಲಿ ಎರಡು ಬೆಳೆಯನ್ನೂ ತೆಗೀತೀವಿ. ಅಲ್ಲಿ ಒಂದು ಬೆಳೆ ಹಣ್ಣಾಗೋದೇ ಕಷ್ಟ. ಅಕ್ಟೋಬರ್ ಮಳೆ ಶುರುವಾಗೋ ಹೊತ್ತಿಗೂ ಕಾಯಿ ಹುಳಿಯಾಗೇ ಇರುತ್ತೆ.

ಆದರೂ ಛಲ ಬಿಡದವರು ಇದ್ದಾರೆ. ಡಬ್ಲಿನ್ ಉತ್ತರಕ್ಕೆ ಲಸ್ಕ್ ಅನ್ನೋ ಊರಿದೆ. ಅಲ್ಲಿ ಪಾಲಿಟನಲ್ ಅಂದ್ರೆ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಕ್ಯಾಬರ್ನೆ ಸಾವಿನ್ಯಾನ್, ಮೆರ್ಲೊ ತಳಿ ಬೆಳೆದು 'ಲುಸ್ಕಾ' ಅನ್ನೋ ಹೆಸರಲ್ಲಿ ವೈನ್ ಮಾಡ್ತಾರೆ. ದಕ್ಷಿಣದ ಕಾರ್ಕ್ ಕಡೆ ರೊಂಡೊ ತಳಿ ಹಾಕಿದ್ದಾರೆ. ಅದಕ್ಕೆ ಏಷ್ಯಾದ ಅಮೂರ್ ನದಿ ಕಡೆಯ ಕಾಡುದ್ರಾಕ್ಷಿಯ ಗುಣ ಬಂದಿದೆ, ಚಳಿ ತಡೆಯುತ್ತೆ, ಬೇಗ ಹಣ್ಣಾಗುತ್ತೆ. ಇಷ್ಟು ಕಷ್ಟಪಟ್ಟು ಬೆಳೆಯುವವರ ಬಗ್ಗೆ ನನಗೆ ಗೌರವ ಇದೆ. ಆದರೆ ನಾನು ದೊಡ್ಡದು ಅಂದ ಕೊಡುಗೆ ಐರ್ಲೆಂಡಿನ ಮಣ್ಣಿನದಲ್ಲ, ಆ ಮಣ್ಣು ಬಿಟ್ಟು ಹೋದ ಜನರದ್ದು.

ಬೆಂಗಳೂರಿನ ಅಂಗಡಿಯೊಂದರಲ್ಲಿ ಫ್ರಾನ್ಸಿನ ಬಾಟಲಿ ಮೇಲೆ 'ಬಾರ್ಟನ್' ಅಂತ ಇತ್ತು. ಫ್ರೆಂಚ್ ಹೆಸರು ಥರ ಇಲ್ವಲ್ಲ?
– ಓದುಗರು, ಚಿಂತಾಮಣಿ

ಸರಿಯಾಗೇ ಗಮನಿಸಿದ್ದೀರಿ. ಅದು ಐರಿಷ್ ಮನೆತನ. ಫರ್ಮಾನಾ ಕಡೆಯ ಥಾಮಸ್ ಬಾರ್ಟನ್ 1720ರ ದಶಕದಲ್ಲಿ ಫ್ರಾನ್ಸಿನ ವೈನ್ ನಗರ ಬೋರ್ಡೋಗೆ ಹೋಗಿ ವೈನ್ ವ್ಯಾಪಾರ ಶುರು ಮಾಡಿದರು. ಅವರೊಬ್ಬರೇ ಅಲ್ಲ. ಲಿಂಚ್, ಕಿರ್ವಾನ್, ಫೆಲಾನ್ ಹೀಗೆ ಎಷ್ಟೋ ಮನೆತನಗಳ ಹೆಸರು ಇವತ್ತಿಗೂ ಬೋರ್ಡೋ ಬಾಟಲಿಗಳ ಮೇಲಿದೆ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಐರ್ಲೆಂಡಿನಲ್ಲಿ ನಡೆದ ಯುದ್ಧ 1691ರಲ್ಲಿ ಲಿಮರಿಕ್ ಒಪ್ಪಂದದೊಂದಿಗೆ ಮುಗಿದ ಮೇಲೆ ಸೋತ ಕ್ಯಾಥೊಲಿಕ್ ಕಡೆಯ ಸಾವಿರಾರು ಜನ ದೇಶ ಬಿಟ್ಟರು. ಆಮೇಲೆ ಬಂದ ಕಾನೂನುಗಳಲ್ಲಿ ಕ್ಯಾಥೊಲಿಕ್ ಜನ ಜಮೀನು ಕೊಳ್ಳೋ ಹಾಗೇ ಇರಲಿಲ್ಲ. ಗಾಲ್ವೇ ಊರಿನ ಜಾನ್ ಲಿಂಚ್ ಹಾಗೆ ಹೋದವರು. ಅವರ ಮಗನಿಗೆ ಮದುವೆ ಸಂಬಂಧದಿಂದ ಬಾಜ್ ಅನ್ನೋ ತೋಟ ಬಂತು, ಅದೇ ಇವತ್ತಿನ ಲಿಂಚ್-ಬಾಜ್. ಮೊಮ್ಮಗ ಬೋರ್ಡೋ ನಗರದ ಮೇಯರೇ ಆದರು. ಬಾರ್ಟನ್‌ರು ಪ್ರೊಟೆಸ್ಟೆಂಟ್, ಅವರು ಹೋಗಿದ್ದು ಸುಮ್ನೆ ವ್ಯಾಪಾರಕ್ಕೆ.

ವ್ಯಾಪಾರ ಅಂದ್ರೆ ಹೇಗೆ ಅಂತೀರಾ? ಐರ್ಲೆಂಡಿನಿಂದ ಉಪ್ಪು ಹಾಕಿದ ಮಾಂಸ, ಬೆಣ್ಣೆ ಹಡಗಲ್ಲಿ ಹೋಗೋದು, ವಾಪಸ್ ಬರುವಾಗ ವೈನ್ ಪೀಪಾಯಿ ಬರೋದು. ಇಂಗ್ಲೆಂಡಿನಲ್ಲಿ ಫ್ರೆಂಚ್ ವೈನಿಗೆ ತೆರಿಗೆ ವಿಪರೀತ, ಐರ್ಲೆಂಡಿನಲ್ಲಿ ಅಷ್ಟಿರಲಿಲ್ಲ. ಹಾಗಾಗಿ 18ನೇ ಶತಮಾನದ ನಡುವಿನ ಹೊತ್ತಿಗೆ ಆ ಪುಟ್ಟ ದೇಶ ಇಂಗ್ಲೆಂಡಿಗಿಂತ ಜಾಸ್ತಿ ಬೋರ್ಡೋ ವೈನ್ ತರಿಸುತ್ತಿತ್ತು. ತೋಟದವರು ಹೊಸ ವೈನನ್ನು ಪೀಪಾಯಿ ಲೆಕ್ಕದಲ್ಲಿ ಮಾರಿಬಿಡುತ್ತಿದ್ದರು. ಅದನ್ನು ನೆಲಮಾಳಿಗೆಯಲ್ಲಿಟ್ಟು, ಗಸಿ ಬಿಟ್ಟು ತಿಳಿ ತೆಗೆದು, ಹಳೆಯದಾಗಲು ಬಿಟ್ಟು, ಗಿರಾಕಿ ಬಾಯಿಗೆ ಹಿಡಿಸೋ ಹಾಗೆ ಮಾಡಿ ಕಳಿಸುತ್ತಿದ್ದವರು ಈ ವರ್ತಕರು. ಕೆಲವೊಮ್ಮೆ ಬೇರೆ ಕಡೆಯ ಗಾಢ ವೈನನ್ನೂ ಬೆರೆಸುತ್ತಿದ್ದರು. ಆ ಬೆರಕೆಯನ್ನು ನಾನು ಹೊಗಳಲ್ಲ, ಇವತ್ತಿನ ಕಾನೂನೂ ಒಪ್ಪಲ್ಲ. ಆದರೆ ವೈನನ್ನು ತಾಳ್ಮೆಯಿಂದ ಹಳೆಯದಾಗಿಸಿ ಮಾರುವ ಪದ್ಧತಿ ಬೆಳೆಸಿದವರಲ್ಲಿ ಇವರ ಪಾಲು ದೊಡ್ಡದು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಥಾಮಸ್ ಅವರ ವಂಶದ ಹ್ಯೂ ಬಾರ್ಟನ್ ಜೈಲು ಸೇರಿದರು. ಬಿಡುಗಡೆಯಾದ ಮೇಲೆ ಫ್ರಾನ್ಸ್ ಬಿಡಬೇಕಾಯಿತು. ಆಗ ಅಲ್ಲಿನ ವ್ಯವಹಾರವನ್ನೆಲ್ಲ ನಂಬಿಕೆಯಿಂದ ಕಾಪಾಡಿದ್ದು ಡೇನಿಯಲ್ ಗೆಸ್ಟಿಯೆ ಅನ್ನೋ ಫ್ರೆಂಚ್ ವರ್ತಕ. 1802ರಲ್ಲಿ ಇಬ್ಬರೂ ಪಾಲುದಾರರಾದರು. ನೀವು ನೋಡಿದ ಬಾಟಲಿಯಲ್ಲಿ ಬಾರ್ಟನ್ ಪಕ್ಕ ಗೆಸ್ಟಿಯೆ ಅಂತಲೂ ಇದ್ದರೆ ಅದು ಇವರಿಬ್ಬರ ಹೆಸರು. ಹ್ಯೂ 1821ರಲ್ಲಿ ಕೊಂಡ ಲಾಂಗೊವಾ ತೋಟ ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ. ಆಸ್ತಿ ಪಾಲಾಗಿ, ಪಾಲು ಮಾರಾಟವಾಗಿ ಹೋಗೋದನ್ನೇ ನೋಡಿರುವ ನಮಗೆ ಇದು ಸಣ್ಣ ಮಾತಲ್ಲ ಅಲ್ವಾ?

ಹೆನೆಸ್ಸಿ ಬ್ರಾಂಡಿ ಕಂಪನಿಯವರು ಕೂಡ ಐರಿಷ್ ಅಂತಾರೆ, ನಿಜವೇ?
– ಓದುಗರು, ಕೋಲಾರ

ನಿಜ. ಕಾರ್ಕ್ ಕಡೆಯ ರಿಚರ್ಡ್ ಹೆನೆಸ್ಸಿ ಫ್ರೆಂಚ್ ಸೇನೆಯಲ್ಲಿದ್ದವರು, 1765ರಲ್ಲಿ ಫ್ರಾನ್ಸಿನ ಕೊನ್ಯಾಕ್ ಊರಿನಲ್ಲಿ ಕಂಪನಿ ಶುರು ಮಾಡಿದರು. ಆ ಊರಿನ ಹೆಸರಲ್ಲೇ ಕರೆಯೋ ಕೊನ್ಯಾಕ್ ಅಂದ್ರೆ ವೈನನ್ನು ಭಟ್ಟಿ ಇಳಿಸಿ ಮಾಡೋ ಬ್ರಾಂಡಿ. ಕ್ಯಾಲಿಫೋರ್ನಿಯಾದಲ್ಲೂ ಒಬ್ಬರಿದ್ದಾರೆ. ಐರ್ಲೆಂಡಿನ ಅರಾನ್ ದ್ವೀಪದಿಂದ ಹೋದ ಜೇಮ್ಸ್ ಕಾನ್ಕ್ಯಾನನ್ 1883ರಲ್ಲಿ ಲಿವರ್ಮೋರ್‌ನಲ್ಲಿ ತೋಟ ಹಾಕಿದರು. ಅಮೆರಿಕದಲ್ಲಿ ಪಾನನಿಷೇಧ ಬಂದಾಗ ಚರ್ಚಿನ ಪೂಜೆಗೆ ಬೇಕಾದ ವೈನ್ ಮಾಡಿಕೊಂಡು ಆ ತೋಟ ಉಳಿಯಿತು.

ನಮ್ಮಲ್ಲಿ ಮಾವು ಬೇಕಾದಷ್ಟಿದೆ. ದ್ರಾಕ್ಷಿ ಬಿಟ್ಟು ಬೇರೆ ಹಣ್ಣಲ್ಲಿ ವೈನ್ ಮಾಡಬಹುದಾ?
– ಮಾವು ಬೆಳೆಗಾರರು, ಶ್ರೀನಿವಾಸಪುರ

ಮಾಡಬಹುದು. ಐರ್ಲೆಂಡಿನ ವಿಕ್ಲೋದಲ್ಲಿ ಸ್ಟ್ರಾಬೆರಿ, ಬ್ಲ್ಯಾಕ್‌ಬೆರಿಯಿಂದ ಮಾಡ್ತಿದ್ದಾರೆ. ಮಾವಿನ ತಿರುಳಲ್ಲಿ ಪೆಕ್ಟಿನ್ ಅನ್ನೋ ಅಂಟು ಜಾಸ್ತಿ, ಅದನ್ನು ಕರಗಿಸೋ ಎಂಜೈಮ್ ಹಾಕದಿದ್ದರೆ ವೈನ್ ತಿಳಿಯಾಗಲ್ಲ. ಮಾರೋ ಯೋಚನೆ ಇದ್ದರೆ ಮೊದಲು ಅಬಕಾರಿ ಇಲಾಖೆಯ ಲೈಸೆನ್ಸ್ ವಿಚಾರಿಸಿ, ಆಮೇಲೆ ಬಂಡವಾಳ ಹಾಕಿ.

ನಾವು ದ್ರಾಕ್ಷಿಗೂ ಆಲೂಗಡ್ಡೆಗೂ ಬೋರ್ಡೋ ದ್ರಾವಣ ಹೊಡೀತೀವಿ. ಅದಕ್ಕೂ ಈ ಬೋರ್ಡೋ ಊರಿಗೂ ಸಂಬಂಧ ಇದೆಯಾ?
– ರೈತರು, ಶಿಡ್ಲಘಟ್ಟ

ಇದೆ, ಐರ್ಲೆಂಡಿಗೂ ಇದೆ. ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಇದೇ. 1870ರ ದಶಕದ ಕೊನೆಗೆ ಅಮೆರಿಕದಿಂದ ಡೌನಿ ಅನ್ನೋ ಬೂಜು ರೋಗ ಫ್ರಾನ್ಸಿಗೆ ಬಂದು ತೋಟ ತೋಟವೇ ಎಲೆ ಉದುರಿಸಿತು. ಬೋರ್ಡೋ ಕಡೆ ದಾರಿ ಪಕ್ಕದ ಸಾಲುಗಳಿಗೆ ರೈತರು ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರು, ಹೋಗಿ ಬರೋರು ಹಣ್ಣು ಕಿತ್ತು ತಿನ್ನದಿರಲಿ ಅಂತ. 1882ರಲ್ಲಿ ಮಿಲಾರ್ಡೆ ಅನ್ನೋ ಸಸ್ಯಶಾಸ್ತ್ರದ ಪ್ರೊಫೆಸರ್ ನೋಡಿದರೆ, ಆ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿದೆ! ಅಲ್ಲಿಂದ ಪ್ರಯೋಗ ನಡೆದು 1885ರಲ್ಲಿ ದ್ರಾವಣ ಎಲ್ಲರಿಗೂ ಗೊತ್ತಾಯಿತು. ಆ ಪ್ರಯೋಗ ನಡೆದ ಬೊಕಾಯು, ದೋಜಾಕ್ ತೋಟಗಳು ಆಗ ನಥಾನಿಯಲ್ ಜಾನ್ಸ್ಟನ್ ಅವರ ಮನೆಯವರದ್ದು. ಅವರ ಪೂರ್ವಿಕರು ಐರ್ಲೆಂಡಿನ ಅರ್ಮಾದಿಂದ ಬಂದ ವೈನ್ ವರ್ತಕರು. ತೋಟದ ಉಸ್ತುವಾರಿ ನೋಡುತ್ತಿದ್ದ ಅರ್ನೆಸ್ಟ್ ಡೇವಿಡ್ ಈ ಕೆಲಸದಲ್ಲಿ ಮಿಲಾರ್ಡೆಗೆ ಜೊತೆಯಾದರು.

ಆಲೂಗಡ್ಡೆ ಮಾತು ಬಂತಲ್ಲ, ಅದೂ ಕೇಳಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದದ್ದು ನಿಮ್ಮ ಹೊಲಕ್ಕೂ ಬರೋ ಅದೇ ಅಂಗಮಾರಿ ರೋಗ. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು. ಅಂಗಮಾರಿಯನ್ನೂ ತಡೆಯೋ ಈ ದ್ರಾವಣ ಸಿಕ್ಕಿದ್ದು 40 ವರ್ಷ ತಡವಾಗಿ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತೆ.

ಇನ್ನು ನಿಮ್ಮ ತೋಟದ ವಿಷಯ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಲ್ಲೇ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ತಿರುಗಿಸಿ. ಉಜ್ಜಿದ ಕುಡುಗೋಲಿನ ತುದಿ ಅದ್ದಿ ಒಂದು ನಿಮಿಷ ಬಿಡಿ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತೆ, ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ನೋಡಿ. ಮಾಡಿದ ದಿನವೇ ಹೊಡೆದು ಮುಗಿಸಿ, ಮಾರನೇ ದಿನಕ್ಕೆ ಇಡಬೇಡಿ. ವೈನರಿಗೆ ಹಾಕೋ ದ್ರಾಕ್ಷಿಯಾದರೆ ಹಣ್ಣು ಬಣ್ಣ ತಿರುಗಿದ ಮೇಲೆ ಹೊಡೆಯಲೇಬೇಡಿ, ತಾಮ್ರದ ಅಂಶ ಜಾಸ್ತಿಯಾದರೆ ರಸ ಸರಿಯಾಗಿ ಹುದುಗಲ್ಲ.