ಜನರಲ್ ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳು ನಿಜವಾಗಿ ಏನು ಮಾಡುತ್ತಾರೆ?

ಜಾಸ್ತಿ ಹೊತ್ತು ರೋಗಿಗಳ ಜೊತೆ ಮಾತಾಡುತ್ತೇವೆ, ಅಷ್ಟೇ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಳೆಗಾಲದಲ್ಲಿ ಈ ಪೋಸ್ಟಿಂಗ್, ಅಂದರೆ ವಾರ್ಡ್‌ನಲ್ಲಿದ್ದು ಕಲಿಯುವ ಸರದಿ, ಮಾಡಿದೆ. ವಾರ್ಡ್ ತುಂಬಾ ಡೆಂಗಿ. ಮನೆಯವರೆಲ್ಲ ಕೇಳುತ್ತಿದ್ದದ್ದು ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ. ನಮಗೆ ಕಲಿಸುತ್ತಿದ್ದ ಡಾಕ್ಟರ್ ಮೇಡಂ ಮೊದಲು ನೋಡುತ್ತಿದ್ದದ್ದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಬಿಪಿ, ಮೂತ್ರದ ಅಳತೆ. ಡೆಂಗಿಯಲ್ಲಿ ಅಪಾಯ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವಾಗ, 3ರಿಂದ 7ನೇ ದಿನದೊಳಗೆ. ಆಗ ರಕ್ತನಾಳದಿಂದ ನೀರಿನಂಶ ಸೋರಬಹುದು. ಸೋರಿದರೆ ಹೆಮಟೋಕ್ರಿಟ್ ಏರುತ್ತದೆ. 'ಜ್ವರ ಬಿಟ್ಟಿದೆಯಲ್ಲ, ಮನೆಗೆ ಕಳಿಸಿ' ಅಂತ ಜಗಳ ಆಗೋದೂ ಸರಿಯಾಗಿ ಆಗಲೇ!

ಇನ್ನು ಹಿಸ್ಟರಿ ತೆಗೆಯೋದು, ಅಂದರೆ ರೋಗಿಯ ಕಾಯಿಲೆಗಳ ಬಗ್ಗೆ ಕೇಳಿ ಬರೆದುಕೊಳ್ಳೋದು. ಒಬ್ಬ ಅಜ್ಜಿಗೆ 'ಶುಗರ್ ಇದೆಯಾ?' ಅಂದೆ. 'ಇಲ್ಲ ಕಣಪ್ಪ' ಅಂದರು. ಹಾಗೇ ಬರೆದುಕೊಂಡೆ. ರೌಂಡ್ಸ್‌ನಲ್ಲಿ ಮೇಡಂ, 'ದಿನಾ ಯಾವ ಮಾತ್ರೆ ತಗೋತೀರಾ ಅಜ್ಜಿ?' ಅಂದರು. ದಿಂಬಿನ ಕೆಳಗಿದ್ದ ಪ್ಲಾಸ್ಟಿಕ್ ಕವರಿನಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನ ಶೀಟು ಹೊರಬಂತು. 'ಮಾತ್ರೆ ನುಂಗ್ತೀನಲ್ಲ, ಈಗೆಲ್ಲಿ ಶುಗರ್ರು?' ಮೇಡಂ ನನ್ನ ಕಡೆ ಸುಮ್ನೆ ಒಂದು ಸಲ ನೋಡಿದರು.

ಸ್ಟೆತಾಸ್ಕೋಪಿನ ಸರದಿ ಆಮೇಲೆ. ಮೊದಲ ವಾರ ನನಗೆ ಒಂದು ಮರ್ಮರ್ (ಹೃದಯದ ಬಡಿತದ ಜೊತೆ ಬರುವ ಹೆಚ್ಚುವರಿ ಸದ್ದು) ಕೂಡ ಕೇಳಿಸಲಿಲ್ಲ. ಎಲ್ಲರ ಜೊತೆ ತಲೆ ಆಡಿಸಿದೆ.