ಬಿಳಿಮೀನಿಗೆ ಪೆಟ್ಟು ಬಿದ್ದದ್ದು ಎಲ್ಲಿಂದ?

ಕೊಳ್ಳೇಗಾಲದ ಓದುಗರೊಬ್ಬರ ಪತ್ರ: "ಕಾವೇರಿಯ ಮಹಶೀರ್ ಮೀನಿನ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ತಿನ್ನೋಕೆ ಹಿಡಿದರೆ ಹೊಟ್ಟೆಪಾಡು ಅನ್ನಬಹುದು. ಗಾಳ ಚುಚ್ಚಿ, ಎಳೆದಾಡಿ, ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡೋದು ಎಂಥ ಆಟ? ಈ ಮೀನು ಕಡಿಮೆಯಾಗಿದ್ದೇ ಇವರಿಂದ ಅಲ್ವಾ? ಶೃಂಗೇರಿಯಲ್ಲಿರೋದೂ ಇದೇ ಮೀನಾ?"

ಸಂಪಾದಕರ ಉತ್ತರ:

ನಮಸ್ಕಾರ. ಮೀನಿಗೆ ನೋವಾಗಲ್ಲ ಎಂದು ವಾದ ಮಾಡಲು ನಾನು ಹೊರಟಿಲ್ಲ. ದಣಿದ ಮೀನನ್ನು ನೀರಿನಿಂದ ಎತ್ತಿ ಹಿಡಿದು ಸರದಿ ಮೇಲೆ ಫೋಟೊ ತೆಗೆಸಿಕೊಳ್ಳುವ ಚಾಳಿ ನನಗೂ ಹಿಡಿಸುವುದಿಲ್ಲ. ಆದರೆ "ಇವರಿಂದಲೇ ಕಡಿಮೆಯಾಯಿತು" ಅನ್ನುವ ಮಾತಿಗೆ ನನ್ನ ತಕರಾರಿದೆ.

ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ. ಕಾಡುಬೆಟ್ಟಗಳ ನಡುವೆ ಕಾವೇರಿ ಬಂಡೆಗಳನ್ನು ಹಾಯ್ದು ಹೋಗುವ ಜಾಗಗಳಿವು. ಹೊರದೇಶದವರೂ ಇಲ್ಲಿಗೆ ಬರುತ್ತಿದ್ದದ್ದು ಡುಬ್ಬದ ಮಹಶೀರ್‌ಗಾಗಿ, ಅಂದರೆ ಹೊಳೆಬದಿಯವರ ಬಿಳಿಮೀನಿಗಾಗಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರಿಗೆ ಕಬಿನಿಯಲ್ಲಿ ಸಿಕ್ಕಿದ್ದು 120 ಪೌಂಡಿನದು, 54 ಕಿಲೊ ಚಿಲ್ಲರೆ! ಎರೆ ಏನು ಗೊತ್ತಾ? ನಮ್ಮ ರಾಗಿ. ಬೇಯಿಸಿದ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುತ್ತಿದ್ದರು. ಈ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿಯ ಚಿಪ್ಪನ್ನು ಅಲ್ಲೇ ಪುಡಿ ಮಾಡುತ್ತದೆ. ದೊಡ್ಡದು ಕಚ್ಚಿ ಹೊಳೆಯ ಸೆಳವಿನ ಜೊತೆ ಓಡಿದರೆ ದಡದಲ್ಲಿ ನಿಂತು ಎಳೆದು ಪ್ರಯೋಜನವಿಲ್ಲ, ಹರಿಗೋಲು ಹತ್ತಿ ಹಿಂದೆ ಬೀಳಬೇಕು. ಹುಟ್ಟು ಹಾಕುತ್ತಿದ್ದವರು ಸುತ್ತಲ ಹಳ್ಳಿಯವರು. ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. ಬದುಕಿರುವ ಮೀನಿನಿಂದ ಸಂಬಳ ಬರತೊಡಗಿದ ಮೇಲೆ, ಮಡುವಿಗೆ ಸಿಡಿಮದ್ದಿನ ತೋಟೆ ಎಸೆಯಲು ಬಂದವರನ್ನು ಓಡಿಸುವುದೂ ಅವರ ಕೆಲಸವಾಯಿತು.

ತೋಟೆ, ಬಲೆ, ಅಣೆಕಟ್ಟು ಎಲ್ಲವೂ ಹಾನಿ ಮಾಡಿವೆ. ಜೊತೆಗೆ ಒಳ್ಳೆಯದಾಗಲಿ ಎಂದೇ ಮಾಡಿದ ಕೆಲಸವೊಂದಿದೆ. ಮಹಶೀರ್ ಕಡಿಮೆಯಾಗುತ್ತಿದೆ ಎಂದು 1970ರ ದಶಕದಿಂದ ಸಾಕಿದ ಮರಿಗಳನ್ನು ಕಾವೇರಿಗೆ ಬಿಟ್ಟರು. ಮಹಾರಾಷ್ಟ್ರದ ಲೋಣಾವಳ ಕಡೆಯ ಆ ಮರಿಗಳು ನೀಲಿ ರೆಕ್ಕೆಯ ಜಾತಿ. ಕಾವೇರಿಯ ಡುಬ್ಬದ ಮೀನಿನ ರೆಕ್ಕೆ ಕಿತ್ತಳೆ. ಎರಡೂ ಮಹಶೀರ್ ತಾನೇ ಅಂದುಕೊಂಡರು. ನೀಲಿ ರೆಕ್ಕೆಯದು ಹೊಳೆ ತುಂಬಿತು, ಡುಬ್ಬದ್ದು ಅಪರೂಪವಾಯಿತು.

ಇದು ಗೊತ್ತಾದದ್ದಾದರೂ ಯಾರಿಂದ? ನೀವು ಬೈದಿರುವ ಗಾಳದವರಿಂದಲೇ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಅವರು ಎಷ್ಟು ಹೊತ್ತು ಗಾಳ ಹಾಕಿದೆವು, ಯಾವ ಮೀನು ಸಿಕ್ಕಿತು, ತೂಕವೆಷ್ಟು ಎಂದು ಬರೆದಿಟ್ಟಿದ್ದರು. ಸಂಶೋಧಕರು ಆ ಲೆಕ್ಕ ಕೂಡಿದಾಗ ಚಿತ್ರ ಬಿಡಿಸಿಕೊಂಡಿತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದು ನಿಲ್ಲಿಸಿದ ಮೇಲೆ ಆ ಲೆಕ್ಕವೂ ನಿಂತಿತು. ಡುಬ್ಬದ ಮೀನಿನ ವೈಜ್ಞಾನಿಕ ಹೆಸರು 'ಟಾರ್ ರೆಮಾದೇವಿ' ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಹಾಗಂತ ಪ್ರವಾಸಿಗರಿಗೆ ಮತ್ತೆ ಗಾಳ ಕೊಡಿ ಅನ್ನುತ್ತಿಲ್ಲ. ಇಷ್ಟು ಕಡಿಮೆ ಉಳಿದಿರುವಾಗ ಅದು ಬೇಡ. ಆದರೆ ಸಂಶೋಧಕರ ಕಣ್ಣೆದುರು, ಮುಳ್ಳಿಲ್ಲದ ಗಾಳದಲ್ಲಿ, ಮೀನನ್ನು ನೀರಲ್ಲೇ ಇಟ್ಟು ಅಳೆದು ಬಿಡುವ ನಾಲ್ಕು ಜನ ಅಲ್ಲಿ ಬೇಕು. ಹಳೇ ಹರಿಗೋಲಿನವರಿಗೇ ಆ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನು ಶೃಂಗೇರಿ. ಅಲ್ಲಿರುವುದೂ ಮಹಶೀರ್, ಆದರೆ ಬೇರೆ ಜಾತಿ. ತುಂಗೆಯ ನೀರು ಕೃಷ್ಣೆಗೆ ಸೇರುತ್ತದೆ. ಡುಬ್ಬದ ಬಿಳಿಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.